ಪಾಸ್‌ವರ್ಡ್ ಸರಿಯಾಗಿದ್ದರೂ ಮೇಲ್ ಬರ್ತಿಲ್ವಾ?

ನಮ್ಮ ಬೀದಿ ತುದಿಯಲ್ಲಿ ಒಂದು ಟ್ಯಾಕ್ಸ್ ಆಫೀಸಿದೆ. ಹೊಸ ಕಂಪ್ಯೂಟರ್ ಬಂದ ದಿನ ಅಲ್ಲಿನ ಅಕೌಂಟೆಂಟ್ ಫೋನ್ ಮಾಡಿದರು. "ಸಾರ್, ಥಂಡರ್‌ಬರ್ಡ್‌ಗೆ ಜಿಮೇಲ್ ಹಾಕ್ತಾ ಇದೀನಿ. ಪಾಸ್‌ವರ್ಡ್ ತಪ್ಪು ಅಂತಾನೇ ಹೇಳುತ್ತೆ. ಹನ್ನೊಂದು ಸಲ ಹೊಡೆದೆ."

ಥಂಡರ್‌ಬರ್ಡ್ ಅಂದರೆ ಬ್ರೌಸರ್ ಇಲ್ಲದೆಯೇ ಮೇಲ್ ಓದಲು, ಕಳಿಸಲು ಕಂಪ್ಯೂಟರ್‌ಗೆ ಹಾಕಿಕೊಳ್ಳುವ ಪ್ರೋಗ್ರಾಂ. ಹೋಗಿ ನೋಡಿದೆ. ಪಾಸ್‌ವರ್ಡ್ ಒಂದಕ್ಷರವೂ ತಪ್ಪಿರಲಿಲ್ಲ. ಪಕ್ಕದಲ್ಲಿ ಡೈರಿ ತೆರೆದಿತ್ತು. ಯಾವುದೋ ಕಾಲದಲ್ಲಿ ಯಾರೋ ಬರೆದುಕೊಟ್ಟ ಸೆಟ್ಟಿಂಗ್ಸ್ ಚೀಟಿಯನ್ನು ಅದರ ಹಿಂದಿನ ಪುಟಕ್ಕೆ ಅಂಟಿಸಿಕೊಂಡಿದ್ದರು. ಅದನ್ನೇ ನೋಡಿ ಎಲ್ಲವನ್ನೂ ಕೈಯಾರೆ ತುಂಬಿದ್ದರು. ತಪ್ಪಿದ್ದದ್ದು ಚೀಟಿಯಲ್ಲಿ. ಇದನ್ನು ಎಷ್ಟು ಕಡೆ ನೋಡಿದ್ದೇನೆಂದರೆ, ಈಗ "ಪಾಸ್‌ವರ್ಡ್ ತಪ್ಪು" ಎಂದ ಕೂಡಲೇ ನಾನು ಪಾಸ್‌ವರ್ಡ್ ಬಿಟ್ಟು ಬೇರೆಲ್ಲ ನೋಡುತ್ತೇನೆ.

ಹೆಜ್ಜೆ 1. ಮೊದಲು ಬ್ರೌಸರ್‌ನಲ್ಲಿ ಅದೇ ಪಾಸ್‌ವರ್ಡ್ ಹಾಕಿ ಮೇಲ್ ತೆರೆಯಿರಿ. ಅಲ್ಲೂ ತೆರೆಯದಿದ್ದರೆ ಥಂಡರ್‌ಬರ್ಡ್ ಮುಂದೆ ಕೂತು ಪ್ರಯೋಜನವಿಲ್ಲ. ಹಾಗೇ ಕಂಪ್ಯೂಟರ್‌ನ ತಾರೀಖು ನೋಡಿ. ಹಳೇ ಡೆಸ್ಕ್‌ಟಾಪ್‌ನೊಳಗಿನ ಬಟನ್ ಸೆಲ್ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ತಾರೀಖು ವರ್ಷಗಟ್ಟಲೆ ಹಿಂದೆ ಓಡಿರುತ್ತದೆ. ಆಗ ಸರ್ವರ್‌ನ ಸರ್ಟಿಫಿಕೇಟ್ (ಅವಧಿ ನಮೂದಿಸಿದ ಅದರ ಗುರುತಿನ ಪತ್ರ) ಸರಿಯಿಲ್ಲ ಅಂತ ತಕರಾರು ಬರುತ್ತದೆ.

ಹೆಜ್ಜೆ 2. ಹೆಸರು, ಮೇಲ್ ವಿಳಾಸ ಕೊಟ್ಟು ಮುಂದುವರಿಯಿರಿ. ಜಿಮೇಲ್, ಯಾಹೂ ಥರದ ದೊಡ್ಡ ಸೇವೆಗಳ ಸೆಟ್ಟಿಂಗ್ಸನ್ನು ಥಂಡರ್‌ಬರ್ಡ್ ತಾನೇ ಹುಡುಕಿಕೊಳ್ಳುತ್ತದೆ. ಐಮ್ಯಾಪ್ ಬೇಕಾ, ಪಾಪ್ ಬೇಕಾ ಅಂತ ಕೇಳಿದರೆ ಐಮ್ಯಾಪ್. ಎರಡನೇ ಮಾತಿಲ್ಲ. ಅದರಲ್ಲಿ ಮೇಲ್ ಸರ್ವರ್‌ನಲ್ಲೇ ಉಳಿಯುತ್ತದೆ. ಪಾಪ್‌ನಲ್ಲಿ ಮೇಲ್ ಆ ಒಂದು ಕಂಪ್ಯೂಟರ್‌ಗೆ ಇಳಿಯುತ್ತದೆ. ಸೆಟ್ಟಿಂಗ್ ನೋಡಿಕೊಳ್ಳದಿದ್ದರೆ ಸರ್ವರ್‌ನಿಂದ ಅಳಿಸಿಯೂ ಹೋಗುತ್ತದೆ. ಆಮೇಲೆ ಹಾರ್ಡ್ ಡಿಸ್ಕ್ ಕೆಟ್ಟ ದಿನ ಯಾರನ್ನು ಕೇಳುತ್ತೀರಿ?

ಹೆಜ್ಜೆ 3. ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಹೊರಗಿನ ಪ್ರೋಗ್ರಾಂಗಳು ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಬರುವುದನ್ನು ಜಿಮೇಲ್ 2022ರ ಮೇ 30ರಿಂದ ನಿಲ್ಲಿಸಿತು. ಔಟ್‌ಲುಕ್ ಡಾಟ್ ಕಾಮ್ ಖಾತೆಗಳಿಗೂ 2024ರ ಸೆಪ್ಟೆಂಬರ್ 16ರಿಂದ ಇದೇ ನಿಯಮ. ಆದರೆ ಹಳೇ ಚೀಟಿಗಳಲ್ಲೆಲ್ಲ "ನಾರ್ಮಲ್ ಪಾಸ್‌ವರ್ಡ್" ಅಂತಲೇ ಇರುತ್ತದೆ. ಹಾಗಾಗಿ ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ, ಸರ್ವರ್ ಸೆಟ್ಟಿಂಗ್ಸ್ ಒತ್ತಿ, "ಅಥೆಂಟಿಕೇಶನ್ ಮೆಥಡ್" ಎಂಬಲ್ಲಿ "ಓಆಥ್2" ಆರಿಸಿ. ಪಾಸ್‌ವರ್ಡನ್ನು ಥಂಡರ್‌ಬರ್ಡ್‌ಗೆ ಕೊಡದೆ, ಮೇಲ್ ಕಂಪನಿಯ ಪುಟದಲ್ಲೇ ಲಾಗಿನ್ ಆಗಿ ಅನುಮತಿ ಕೊಡುವ ವಿಧಾನ ಅದು. ಪೋರ್ಟ್ (ಸರ್ವರ್‌ನ ಬಾಗಿಲ ನಂಬರ್) 993, ಅದರ ಜೊತೆಗೆ ಎಸ್‌ಎಸ್‌ಎಲ್/ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದಂತೆ ಮೊದಲಿಂದಲೇ ಹಾಕುವ ಬೀಗ).

ಈಗ ಮೇಲ್ ತರಿಸಿದರೆ ಗೂಗಲ್‌ನ ಲಾಗಿನ್ ಪುಟವೇ ಒಂದು ಸಣ್ಣ ಕಿಟಕಿಯಲ್ಲಿ ತೆರೆಯಬೇಕು. ಕಿಟಕಿ ಖಾಲಿ ಬಂತಾ? ಲಾಗಿನ್ ಆದರೂ ಮತ್ತೆ ಮತ್ತೆ ಅದೇ ಪುಟ ಬರ್ತಿದೆಯಾ? ಕುಕೀಸ್ (ನೀವು ಲಾಗಿನ್ ಆದದ್ದನ್ನು ನೆನಪಿಡಲು ಪುಟ ಇಟ್ಟುಕೊಳ್ಳುವ ಸಣ್ಣ ಗುರುತು) ಬಂದ್ ಆಗಿರಬಹುದು. ಸೆಟ್ಟಿಂಗ್ಸ್‌ನ ಪ್ರೈವೆಸಿ ಭಾಗದಲ್ಲಿ ಕುಕೀಸ್‌ಗೆ ಟಿಕ್ ಹಾಕಿ. ನಮ್ಮ ನೆಂಟರ ಅಂಗಡಿಯಲ್ಲಿ ಯಾರೋ ಪುಣ್ಯಾತ್ಮರು ಸೇಫ್ಟಿಗೆ ಅಂತ ಈ ಟಿಕ್ ತೆಗೆದಿದ್ದರು. ಅದನ್ನು ಹುಡುಕುವಷ್ಟರಲ್ಲಿ ಮೂರು ಕಾಫಿ ಮುಗಿದಿತ್ತು.

ಅದೇ ಪ್ರೈವೆಸಿ ಭಾಗದಲ್ಲಿ "ಸೇವ್ಡ್ ಪಾಸ್‌ವರ್ಡ್ಸ್" ತೆರೆದು, ಆ ಖಾತೆಯ ಹಳೇ ಸಾಲುಗಳನ್ನೆಲ್ಲ ಅಳಿಸಿ, ಥಂಡರ್‌ಬರ್ಡ್ ಮುಚ್ಚಿ ತೆರೆಯಿರಿ.

ಹೆಜ್ಜೆ 4. "ಮೇಲ್ ಬರುತ್ತೆ, ಕಳಿಸಕ್ಕೆ ಆಗಲ್ಲ" ಎನ್ನುವವರಿಗೆ ಇದು. ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ಮುಂಬಾಗಿಲ ಬೀಗ ರಿಪೇರಿ ಮಾಡಿ ಹಿತ್ತಿಲ ಬಾಗಿಲು ಮರೆತ ಹಾಗೆ ಇದು. ಅಕೌಂಟ್ ಸೆಟ್ಟಿಂಗ್ಸ್‌ನ ಎಡಗಡೆ ಪಟ್ಟಿಯಲ್ಲಿ, ತೀರಾ ಕೆಳಗೆ, "ಔಟ್‌ಗೋಯಿಂಗ್ ಸರ್ವರ್" ಅಂತ ಒಂದು ಸಾಲಿದೆ. ಅಲ್ಲೂ ಓಆಥ್2 ಆರಿಸಬೇಕು.

ಪೋರ್ಟ್ ನಂಬರ್ ಇಲ್ಲಿ ಜೋಡಿಯಾಗಿ ನೆನಪಿಡಿ: 465 ಇದ್ದರೆ ಎಸ್‌ಎಸ್‌ಎಲ್/ಟಿಎಲ್‌ಎಸ್, 587 ಇದ್ದರೆ ಸ್ಟಾರ್ಟ್‌ಟಿಎಲ್‌ಎಸ್ (ಮಾತು ಶುರುವಾದ ಮೇಲೆ ಬೀಗ ಹಾಕುವ ಬಗೆ). ಜೋಡಿ ಅದಲುಬದಲಾದರೆ ಮೇಲ್ ಹೋಗುವುದಿಲ್ಲ. 465ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಹಾಕಿದರಂತೂ ಸುಮ್ನೆ ಸುತ್ತುತ್ತಾ ಇದ್ದು, ಕೊನೆಗೆ ಟೈಮ್‌ಔಟ್ ಆಗುತ್ತದೆ. ಸರ್ವರ್ ಮೊದಲು ಮಾತಾಡಲಿ ಅಂತ ಪ್ರೋಗ್ರಾಂ ಕಾಯುತ್ತದೆ, ಪ್ರೋಗ್ರಾಂ ಮಾತಾಡಲಿ ಅಂತ ಸರ್ವರ್ ಕಾಯುತ್ತದೆ. ಮದುವೆ ಮನೆಯ ಊಟದ ಹಾಲ್ ಬಾಗಿಲಲ್ಲಿ ಇಬ್ಬರು ಯಜಮಾನರು "ನೀವು ನಡೀರಿ", "ಇಲ್ಲ, ನೀವು ನಡೀರಿ" ಅಂತ ನಿಂತ ಹಾಗೆ. ಹಳೇ ಚೀಟಿಯಲ್ಲಿ ಪೋರ್ಟ್ 25 ಇದ್ದರೆ ಹೊಡೆದು ಹಾಕಿ. ಅದು ಸರ್ವರ್‌ಗಳು ತಮ್ಮತಮ್ಮಲ್ಲಿ ಮೇಲ್ ಸಾಗಿಸುವ ದಾರಿ, ಎಷ್ಟೋ ಇಂಟರ್ನೆಟ್ ಕಂಪನಿಗಳು ಅದನ್ನು ಗಿರಾಕಿಗಳಿಗೆ ಮುಚ್ಚಿಟ್ಟಿರುತ್ತವೆ.

ಒಂದು ಎಚ್ಚರಿಕೆ. ಇಷ್ಟೂ ಜಿಮೇಲ್ ಥರದ ಖಾತೆಗಳ ಮಾತು. ನಿಮ್ಮ ಕಂಪನಿಯ ಸ್ವಂತ ಹೆಸರಿನ ಮೇಲ್, ಸಾಮಾನ್ಯ ಹೋಸ್ಟಿಂಗ್‌ನವರ ಬಳಿ ಇದ್ದರೆ ಅಲ್ಲಿ ಹೆಚ್ಚಾಗಿ ನಾರ್ಮಲ್ ಪಾಸ್‌ವರ್ಡೇ ಸರಿ. ಅಲ್ಲಿ ಆಗುವ ಎಡವಟ್ಟೇ ಬೇರೆ: ಯೂಸರ್‌ನೇಮ್‌ನಲ್ಲಿ ವಿಳಾಸದ ಮೊದಲ ತುಂಡು ಮಾತ್ರ ಬರೆದಿರುತ್ತಾರೆ. ಪೂರ್ತಿ ವಿಳಾಸ ಬರೆಯಿರಿ.

ಆ್ಯಪ್ ಪಾಸ್‌ವರ್ಡ್ ಎಂಬ ಅಡ್ಡದಾರಿಯೂ ಉಂಟು. ಗೂಗಲ್ ಖಾತೆಯಲ್ಲಿ ಟು-ಸ್ಟೆಪ್ ವೆರಿಫಿಕೇಶನ್ ಇದ್ದರೆ 16 ಅಕ್ಷರಗಳ ಒಂದು ಪಾಸ್‌ವರ್ಡ್ ಮಾಡಿಕೊಡುತ್ತದೆ. ಓಆಥ್2 ಗೊತ್ತಿಲ್ಲದ ಹಳೇ ಪ್ರೋಗ್ರಾಂಗೆ ಅದೇ ಗತಿ. ನನಗೆ ಅದು ಇಷ್ಟವಿಲ್ಲ. ಜನ ಅದನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸುತ್ತಾರೆ, ಅದು ಸಿಕ್ಕವರಿಗೆ ಒಟಿಪಿಯೂ ಬೇಕಾಗುವುದಿಲ್ಲ. ಜೊತೆಗೆ ಗೂಗಲ್ ಪಾಸ್‌ವರ್ಡ್ ಬದಲಿಸಿದ ದಿನ ಅದು ರದ್ದಾಗುತ್ತದೆ, ಮತ್ತೆ ನನಗೆ ಫೋನ್ ಬರುತ್ತದೆ.

ಹಳೇ ವಿಡಿಯೋಗಳನ್ನೂ ನಂಬಬೇಡಿ. "ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಐಮ್ಯಾಪ್ ಆನ್ ಮಾಡಿ" ಅಂತ ಅವು ಹೇಳುತ್ತವೆ. 2025ರ ಜನವರಿಯಿಂದ ಆ ಸ್ವಿಚ್ಚೇ ಇಲ್ಲ, ಐಮ್ಯಾಪ್ ಸದಾ ಆನ್.

ಇನ್ನೂ ಸರ್ಟಿಫಿಕೇಟ್ ತಕರಾರು ಬರುತ್ತಿದ್ದರೆ ಆ್ಯಂಟಿವೈರಸ್‌ನ ಮೇಲ್ ಸ್ಕ್ಯಾನಿಂಗ್ ಒಂದನ್ನೇ ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿ. ನಡುವೆ ನಿಂತು ಎಲ್ಲರ ಕಾಗದ ಒಡೆದು ಓದುವ ಕೆಲಸ ಅದರದ್ದು. "ಎಕ್ಸೆಪ್ಶನ್ ಆ್ಯಡ್ ಮಾಡಲಾ" (ಸರ್ಟಿಫಿಕೇಟ್ ಸರಿಯಿಲ್ಲದಿದ್ದರೂ ಒಪ್ಪಲಾ) ಅಂತ ಕೇಳಿದರೆ ಮಾತ್ರ ಕಣ್ಣುಮುಚ್ಚಿ ಹೌದು ಅನ್ನಬೇಡಿ.

ಹೆಜ್ಜೆ 5. ನಿಮಗೆ ನೀವೇ ಒಂದು ಮೇಲ್ ಕಳಿಸಿ. ಹೋಗಿ, ತಿರುಗಿ ಬಂದರೆ ಎರಡೂ ಬಾಗಿಲು ಸರಿ ಇವೆ. ಹಳೇ ಮೇಲೆಲ್ಲ ಇಳಿಯಲು ಗಂಟೆಗಟ್ಟಲೆ ಆಗಬಹುದು, ನಡುವೆ ಖಾತೆ ಅಳಿಸಿ ಮತ್ತೆ ಹಾಕಲು ಹೋಗಬೇಡಿ.

ನಮ್ಮ ಅಕೌಂಟೆಂಟ್ ಡೈರಿಯ ಚೀಟಿಯನ್ನು ಕಿತ್ತುಹಾಕಿದರು. ಕೂಡಲೇ ಪೆನ್ ತೆಗೆದು, "ಹೇಳಿ ಸಾರ್, 465ಕ್ಕೆ ಯಾವುದು ಅಂದ್ರಿ?" ಅಂತ ಹೊಸದೊಂದು ಬರೆದುಕೊಂಡರು.