ಏಳು ವರ್ಷ ಸಂಡೂರಿನ ಮಣ್ಣಲ್ಲಿ ನುಸಿ ಹುಡುಕಿದ್ದು

ನಮ್ಮ ಬಳ್ಳಾರಿ ಕಡೆ ನುಸಿ ಅಂದರೆ ಮೊದಲು ನೆನಪಾಗುವುದು ಮೆಣಸಿನಗಿಡದ ಮುಟುರು ರೋಗ. ಸಂಡೂರಿನ ಗುಡ್ಡಕ್ಕೆ ದಾರಿ ತೋರಿಸಲು ಬಂದ ಅಜ್ಜ ಕೂಡ ಅದನ್ನೇ ಕೇಳಿದರು. "ನುಸಿ ಬಂತಂದ್ರ ನಾವು ಔಷಧ ಹೊಡೀತೀವಿ. ನೀವು ಹುಡುಕ್ಕೊಂಡು ಬಂದೀರಲ್ರೀ ಸರ್?"

"ಇವು ಬೆಳೆ ತಿನ್ನೋವಲ್ಲರೀ ಅಜ್ಜಾರ" ಅಂದೆ. ಉದುರಿದ ಎಲೆ, ಅದರ ಮೇಲಿನ ಬೂಷ್ಟು, ಇವೇ ಇವುಗಳ ಊಟ. ಹೆಚ್ಚಿನವು ಅರ್ಧ ಮಿಲಿಮೀಟರಿನ ಆಸುಪಾಸು.

ಮಣ್ಣಿನ ನುಸಿಗಳ ಬಗ್ಗೆ ನಾನು ಓದಿದ್ದು ಜಾಸ್ತಿ ಯುರೋಪಿನ ಪೈನ್ ಕಾಡುಗಳದ್ದೇ. ಅಲ್ಲಿ ಸೂಜಿಯಂಥ ಎಲೆ ಬೇಗ ಕೊಳೆಯುವುದಿಲ್ಲ, ದಪ್ಪ ಹಾಸಿಗೆಯಾಗಿ ಬಿದ್ದಿರುತ್ತದೆ. ಒಂದು ಚದರ ಮೀಟರಿನಲ್ಲಿ ಲಕ್ಷಗಟ್ಟಲೆ ನುಸಿ ಸಿಗುತ್ತವೆ. ನಮ್ಮಲ್ಲಿ ದಿಂಡಿಗದ ಎಲೆ ಉದುರಿದರೆ ಅರ್ಧ ಗೆದ್ದಲಿಗೆ, ಉಳಿದದ್ದು ಗಾಳಿಗೆ.

ನಾನು ಆರಿಸಿಕೊಂಡಿದ್ದು ಎರಡು ಜಾಗ. ಒಂದು ಕಾಡು. ಇನ್ನೊಂದು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗಿನಿಂದ ಹಾಗೇ ಬಿದ್ದಿದ್ದ ಒಂದು ಡಂಪ್, ಅಂದರೆ ಗಣಿಯ ಬೇಡದ ಮಣ್ಣು ಸುರಿದ ಗುಡ್ಡೆ. ಪ್ರತಿ ವರ್ಷ ಅದೇ ಜಾಗ, ಅದೇ ತಿಂಗಳುಗಳು, ಅದೇ ಐದು ಸೆಂಟಿಮೀಟರ್ ಅಗಲದ ಕಬ್ಬಿಣದ ಕೊಳವೆ. ಇಲ್ಲಿ ರಾಜಿ ಮಾಡಿಕೊಂಡರೆ ಈ ವರ್ಷದ ಲೆಕ್ಕವನ್ನು ಹೋದ ವರ್ಷದ್ದರ ಪಕ್ಕ ಇಡಲು ಆಗುವುದಿಲ್ಲ.

ಮಣ್ಣನ್ನು ಆಲಿಕೆಯ ಮೇಲಿನ ಜರಡಿಗೆ ಹಾಕಿ, ಮೇಲೆ ಬಲ್ಬ್ ಹಚ್ಚಿ, ಕೆಳಗೆ ಆಲ್ಕೋಹಾಲ್ ಹಾಕಿದ ಶೀಶೆ ಇಡುತ್ತೇನೆ. ಮಣ್ಣು ಮೇಲಿನಿಂದ ಒಣಗುತ್ತ ಬಂದ ಹಾಗೆ ನುಸಿಗಳು ತಂಪು ಹುಡುಕಿ ಕೆಳಗಿಳಿದು ಶೀಶೆಗೆ ಬೀಳುತ್ತವೆ. 1905ರಲ್ಲಿ ಇಟಲಿಯ ಬರ್ಲೇಸೆ ಬಿಸಿನೀರಿನ ಶಾಖದಿಂದ ಇದನ್ನು ಮಾಡಿದರು, 1918ರಲ್ಲಿ ಸ್ವೀಡನ್ನಿನ ಟುಲ್‌ಗ್ರೆನ್ ಬಲ್ಬ್ ತಂದರು.

ಎರಡನೇ ವರ್ಷದ ಏಪ್ರಿಲ್‌ನಲ್ಲಿ ಕಾಡಿನ ಶೀಶೆಗಳೂ ಹೆಚ್ಚುಕಮ್ಮಿ ಖಾಲಿ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಆಲಿಕೆಯ ಮಣ್ಣನ್ನೇ ಬಿಡಿಸಿ ಸೂಕ್ಷ್ಮದರ್ಶಕದಡಿ ನೋಡಿದೆ. ನುಸಿಗಳು ಅಲ್ಲೇ ಇದ್ದವು, ಒಣಗಿ ಸತ್ತು. ಬಿಸಿಲಿಗೆ ಕೋಣೆಯೇ ಕಾದಿತ್ತು. ಅದರ ಮೇಲೆ 60 ವ್ಯಾಟ್‌ನ ಬಲ್ಬ್. ಇಳಿಯುವಷ್ಟರಲ್ಲಿ ದಾರಿಯೇ ಒಣಗಿಹೋಗಿತ್ತು. ಈಗ 15 ವ್ಯಾಟ್‌ನ ಬಲ್ಬ್ ಹಾಕುತ್ತೇನೆ, ಮೊದಲ ದಿನ ಎತ್ತರದಲ್ಲಿಟ್ಟು ದಿನಾ ಸ್ವಲ್ಪ ಸ್ವಲ್ಪ ಇಳಿಸುತ್ತೇನೆ. ಒಂದು ವಾರ ಹಿಡಿಯುತ್ತದೆ. ಎಲ್‌ಇಡಿ ನಡೆಯಲ್ಲ, ಅದಕ್ಕೆ ಬೇಕಾದಷ್ಟು ಶಾಖವಿಲ್ಲ. ಹಳೇ ತಂತಿ ಬಲ್ಬ್ ಎಲ್ಲಿ ಕಂಡರೂ ನಾಲ್ಕು ಜಾಸ್ತಿ ತಂದಿಡಿ. ಆ ಏಪ್ರಿಲ್‌ನ ಲೆಕ್ಕವನ್ನು ನಾನು ಪಟ್ಟಿಯಲ್ಲಿ ಸೇರಿಸಿಲ್ಲ.

ಡಂಪ್‌ನಲ್ಲಿ ಮೆತ್ತನೆ ಮೈಯ, ಚುರುಕಾಗಿ ಓಡುವ ನುಸಿಗಳು ಮೊದಲಿಂದಲೂ ಇದ್ದವು. ನಾನು ಕಾಯುತ್ತಿದ್ದದ್ದು ಗಟ್ಟಿ ಚಿಪ್ಪಿನ ಒರಿಬ್ಯಾಟಿಡ್‌ಗಳಿಗೆ. ಅವು ನಿಧಾನ ಬೆಳೆಯುತ್ತವೆ, ಮೊಟ್ಟೆ ಕಡಿಮೆ ಇಡುತ್ತವೆ. ಒಮ್ಮೆ ಮಣ್ಣು ಕೆದರಿ ಹೋದರೆ ಬೇಗ ಬರುವುದಿಲ್ಲ. ಮೂರು ವರ್ಷ ನೋಡಿ ಬಿಟ್ಟಿದ್ದರೆ ಇಲ್ಲಿ ಇವು ಇಲ್ಲವೇ ಇಲ್ಲ ಅಂತ ಬರೆದುಬಿಡುತ್ತಿದ್ದೆ, ಅಲ್ವಾ?

ಈ ಸಲ ಮಳೆ ಹಿಡಿದ ಮೇಲೆ ಡಂಪ್ ಮೇಲಿನ ಬೇವಿನ ಬುಡದ ಮಣ್ಣು ತಂದೆ. ಶೀಶೆಯ ತಳದಲ್ಲಿ ಕೆಂಪು ಧೂಳಿನ ನಡುವೆ ಒಂದು ಕಂದು ಚುಕ್ಕೆ. ಲ್ಯಾಕ್ಟಿಕ್ ಆಮ್ಲದ ಹನಿಯಲ್ಲಿಟ್ಟು ನೋಡಿದೆ. ದುಂಡು ಬೆನ್ನು, ಹೊಳೆಯುವ ಚಿಪ್ಪು, ಎಂಟು ಕಾಲು ಒಳಗೆ ಮಡಚಿಕೊಂಡಿತ್ತು. ಅಜ್ಜನಿಗೆ ಫೋನ್ ಮಾಡಿ ಹೇಳಿದೆ. "ಎಷ್ಟು ಬಂದಾವ್ರೀ?" ಅಂದರು. ಒಂದು, ಅಂದೆ.