ಉಪ್ಪುಗಾಳಿಯ ಮನೆಯಲ್ಲಿ ಮೈಕ್ರೊವೇವ್

ನಮ್ಮ ಮನೆ ಕುಮಟಾದಲ್ಲಿ, ವನ್ನಳ್ಳಿ ಕಡೆ. ಅಡುಗೆಮನೆಯ ಕಿಟಕಿಗೂ ಸಮುದ್ರಕ್ಕೂ ನಡುವೆ ಎರಡು ತೆಂಗಿನ ತೋಟ, ಒಂದು ರಸ್ತೆ ಅಷ್ಟೇ. ಕಿಟಕಿಯ ಸರಳಿಗೆ ಎರಡು ವರ್ಷಕ್ಕೊಮ್ಮೆ ಬಣ್ಣ ಹೊಡೆಯದಿದ್ದರೆ ತುಕ್ಕು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಇಂಥ ಮನೆಯಲ್ಲಿ ಹನ್ನೊಂದು ವರ್ಷದಿಂದ ಮೈಕ್ರೊವೇವ್ ಬಳಸುತ್ತಿದ್ದೇನೆ. ಈಗಿನದು ಎರಡನೆಯದು. ಮೊದಲನೆಯದು ನಾಲ್ಕೇ ವರ್ಷಕ್ಕೆ ತೂತು ಬಿದ್ದು ಹೋಯಿತು. ಅದು ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ, ಕರಾವಳಿಯವರು ಮುಖ್ಯವಾಗಿ ತಿಳಿಯಬೇಕಾದದ್ದು ಅದನ್ನೇ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಸಂಜೆ ಐದರ ತನಕ ಮನೆಯಲ್ಲಿ ಅತ್ತೆ ಒಬ್ಬರೇ. ಎಪ್ಪತ್ತಾರು ವರ್ಷ. ಗ್ಯಾಸಿನ ಮೇಲೆ ಹಾಲಿಟ್ಟು ಮರೆತು ಎರಡು ಸಲ ಪಾತ್ರೆ ಸೀದು ಕರಿಯಾದ ಮೇಲೆ, ಹೊತ್ತಾದ ಕೂಡಲೇ ತಾನೇ ಆರುವ ಒಲೆ ಬೇಕು ಅನ್ನಿಸಿತು. ಮೊದಲ ದಿನ ಅತ್ತೆ ಬಗ್ಗಿ ಗಾಜಿನೊಳಗೆ ನೋಡಿ, "ಬೆಂಕಿ ಎಲ್ಲಿದ್ದೇ ತಂಗಿ? ಎಂತೂ ಕಾಣ್ತಿಲ್ಲೆ" ಅಂದರು. ಆ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಾದರೆ ಮೈಕ್ರೊವೇವಿನ ಅರ್ಧ ಜಾಗ್ರತೆ ತಾನಾಗಿ ಬರುತ್ತದೆ.

ಒಳಗಿರುವುದು ಮ್ಯಾಗ್ನೆಟ್ರಾನ್ ಎಂಬ ನಳಿಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರಿಗೆಂದು ಬೆಳೆದ ವಸ್ತು ಅದು. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಇದರಿಂದ ಅಡುಗೆ ಮಾಡಬಹುದೆಂದು ಕಂಡುಕೊಂಡರು. ಕಾರವಾರದ ಅರಗಾದಲ್ಲಿ ನಿಂತ ನೌಕಾಪಡೆಯ ಹಡಗಿನ ರೇಡಾರೂ ನನ್ನ ಕಟ್ಟೆಯ ಮೇಲಿನ ಪೆಟ್ಟಿಗೆಯೂ ಒಂದೇ ಜಾತಿಯ ತರಂಗ ಹೊರಡಿಸುವವು. ಮನೆಯ ಮೈಕ್ರೊವೇವಿನದು 2450 ಮೆಗಾಹರ್ಟ್ಸ್, ಅಂದರೆ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. ಅದು ಆಹಾರದಲ್ಲಿರುವ ನೀರಿನ ಕಣಗಳನ್ನು ಎಡೆಬಿಡದೆ ಅಲುಗಿಸುತ್ತದೆ, ಆ ಅಲುಗಾಟವೇ ಬಿಸಿ. ಬಾಗಿಲಿನ ಗಾಜಿನಲ್ಲಿ ಸಣ್ಣ ತೂತಿನ ಲೋಹದ ಜಾಳಿಗೆ ಕಾಣುತ್ತದಲ್ಲ, ಆ ತೂತಿನಿಂದ ಬೆಳಕು ಹೊರಬರುತ್ತದೆ, 12 ಸೆಂಟಿಮೀಟರಿನ ತರಂಗ ಬರುವುದಿಲ್ಲ. ಬಾಗಿಲು ತೆಗೆದ ಕ್ಷಣ ಒಳಗಿನ ಸ್ವಿಚ್ಚುಗಳು ಮ್ಯಾಗ್ನೆಟ್ರಾನನ್ನು ನಿಲ್ಲಿಸುತ್ತವೆ. ಟ್ಯೂಬ್‌ಲೈಟ್ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುವುದಿಲ್ಲ, ಹಾಗೆಯೇ ಅನ್ನದಲ್ಲಿ ತರಂಗ ಉಳಿಯುವುದಿಲ್ಲ. ವಿಕಿರಣದ ಹೆದರಿಕೆಯಿಂದ ದೂರ ನಿಲ್ಲುವವರಿಗೆ ನಾನು ಹೇಳುವುದು ಇಷ್ಟೇ: ಹೆದರಬೇಕಾದದ್ದು ಬಿಸಿನೀರಿಗೆ, ಹಬೆಗೆ, ಕರೆಂಟಿಗೆ. ಆದರೆ ಬಾಗಿಲು ಸೊಟ್ಟಗಾಗಿದ್ದರೆ, ಕೀಲು ಸಡಿಲವಾಗಿದ್ದರೆ, ಜಾಳಿಗೆ ಹರಿದಿದ್ದರೆ ರಿಪೇರಿಯಾಗುವ ತನಕ ಮುಟ್ಟಬೇಡಿ. ಬಾಗಿಲಿಗೆ ಒದ್ದೆ ಟವೆಲ್ ನೇತುಹಾಕುವ ಅಭ್ಯಾಸವನ್ನೂ ಬಿಡಿ, ಭಾರಕ್ಕೆ ಕೀಲು ಜಗ್ಗುತ್ತದೆ.

ಬಿಸಿನೀರಿಗೆ ಹೆದರಬೇಕು ಅಂದೆನಲ್ಲ, ಅದು ಅನುಭವದ ಮಾತು. ಒಂದು ಜುಲೈ ಸಂಜೆ ಮಳೆಯಲ್ಲಿ ನೆನೆದು ಬಂದಿದ್ದೆ. ಕಷಾಯಕ್ಕೆಂದು ಹೊಸದಾದ, ನುಣುಪಾದ ದೊಡ್ಡ ಗಾಜಿನ ಲೋಟದಲ್ಲಿ ನೀರಿಟ್ಟು ಎರಡೂವರೆ ನಿಮಿಷ ಕೊಟ್ಟೆ. ಕೀಂ ಅಂದಿತು. ನೋಡಿದರೆ ನೀರು ಬಾವಿಯ ನೀರಿನ ಹಾಗೆ ಸುಮ್ಮನಿದೆ, ಒಂದು ಗುಳ್ಳೆ ಇಲ್ಲ. ಕಾದಿಲ್ಲವೆಂದುಕೊಂಡು ಇನ್ನೊಂದು ನಿಮಿಷ ಕೊಟ್ಟೆ. ಲೋಟ ತೆಗೆದು ಕಟ್ಟೆಯ ಮೇಲಿಟ್ಟು ಒಂದು ಚಮಚ ಕಷಾಯದ ಪುಡಿ ಹಾಕಿದ್ದೇ ತಡ, ಅರ್ಧ ಲೋಟ ನೀರು ಬುಸ್ಸೆಂದು ಮೇಲೆದ್ದು ನನ್ನ ಬಲಗೈ ಮಣಿಕಟ್ಟಿನ ಮೇಲೆ ಬಿತ್ತು. ಗೋಡೆಯ ತನಕ ಕೊತ್ತಂಬರಿ, ಜೀರಿಗೆ. ಬಳೆಯ ಕೆಳಗಿನ ಚರ್ಮ ಕೆಂಪಾಗಿ ಎದ್ದಿತ್ತು.

ಒಲೆಯ ಮೇಲೆ ಪಾತ್ರೆಯ ತಳ ಬಿಸಿಯಾಗಿ ಅಲ್ಲಿನ ಗೀರುಗಳಿಂದ ಗುಳ್ಳೆ ಏಳುತ್ತದೆ, ಕುದಿಯುವುದು ಕಾಣುತ್ತದೆ. ಮೈಕ್ರೊವೇವಿನಲ್ಲಿ ಬಿಸಿಯಾಗುವುದು ನೀರು, ಲೋಟವಲ್ಲ. ಲೋಟ ನುಣುಪಾಗಿದ್ದರೆ ಗುಳ್ಳೆ ಹುಟ್ಟಲು ಜಾಗ ಸಿಗದೆ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ. ಪುಡಿಯೋ ಸಕ್ಕರೆಯೋ ಬಿದ್ದ ಕೂಡಲೇ ಎಲ್ಲ ಒಟ್ಟಿಗೆ ಉಕ್ಕುತ್ತದೆ. ಅಂದಿನಿಂದ ನಮ್ಮ ಮನೆಯಲ್ಲಿ ನೀರಿಡುವಾಗ ಲೋಟದಲ್ಲೊಂದು ಮರದ ಚಮಚ ಇರಲೇಬೇಕು. ಹೊತ್ತು ಮುಗಿದ ಮೇಲೆ ಅರ್ಧ ನಿಮಿಷ ಬಾಗಿಲು ತೆಗೆಯಬಾರದು. ಒಂದೇ ನೀರನ್ನು ಎರಡೆರಡು ಸಲ ಕಾಸಬಾರದು. ಹೊತ್ತಿನ ಲೆಕ್ಕವೂ ಸುಲಭ: 800 ವ್ಯಾಟಿನ ಮೆಷಿನ್ನಿನಲ್ಲಿ 250 ಮಿಲಿಲೀಟರ್ ನೀರು ಕುದಿಯುವ ಹತ್ತಿರ ಬರಲು ಒಂದೂವರೆ ನಿಮಿಷ ಸಾಕು. ಕೈ ಸುಟ್ಟರೆ ಬಳೆ, ಉಂಗುರ ತೆಗೆದು ನಲ್ಲಿಯ ತಣ್ಣೀರಿಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್, ಐಸ್ ಯಾವುದೂ ಬೇಡ. ಬೊಕ್ಕೆ ಎದ್ದರೆ ಒಡೆಯದೆ ಡಾಕ್ಟರಿಗೆ ತೋರಿಸಿ.

ಸಿಪ್ಪೆಯೊಳಗೆ ನೀರಿರುವ ಎಲ್ಲದರ ಕಥೆಯೂ ಹೀಗೆಯೇ. ಕೆಂಡದಲ್ಲಿ ಹಲಸಿನ ಬೇಳೆ ಸುಡುವಾಗ ತುದಿ ಕತ್ತರಿಸುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು, ಇಲ್ಲದಿದ್ದರೆ ಪಟಾಕಿಯ ಹಾಗೆ ಸಿಡಿಯುತ್ತದೆ. ಮೈಕ್ರೊವೇವಿನಲ್ಲೂ ಅದೇ ನಿಯಮ. ಗೆಣಸಿಗೆ, ಬದನೆಕಾಯಿಗೆ ಮುಳ್ಳುಚಮಚದಿಂದ ನಾಲ್ಕೈದು ಕಡೆ ಚುಚ್ಚಿ ಇಡಿ. ಮೊಟ್ಟೆಯನ್ನು ಸಿಪ್ಪೆ ಸಮೇತ ಇಡಲೇಬಾರದು. ಬೇಯಿಸಿ ಸುಲಿದ ಇಡೀ ಮೊಟ್ಟೆಯೂ ಬೇಡ, ಹೊರತೆಗೆದು ಬಾಯಿಗಿಟ್ಟಾಗ ಸಿಡಿಯಬಹುದು. ಬಿಗಿಯಾಗಿ ಮುಚ್ಚಿದ ಡಬ್ಬಿಯನ್ನೂ ಇಡಬೇಡಿ, ಮುಚ್ಚಳ ಓರೆಯಾಗಿರಲಿ. ಮುಚ್ಚಳಕ್ಕೆ ಬದಲು ನಾನು ಬಾಳೆ ಎಲೆಯ ತುಂಡು ಹಾಕುತ್ತೇನೆ. ಎಲೆ ಬಾಡಿ ಅನ್ನಕ್ಕೆ ಒಳ್ಳೆಯ ಪರಿಮಳ ಬರುತ್ತದೆ, ಹಬೆಯೂ ನಿಲ್ಲುತ್ತದೆ. ತೆಗೆಯುವಾಗ ಎಲೆಯ ಆಚೆ ಬದಿ ಮೊದಲು ಎತ್ತಿ, ಹಬೆ ಮುಖಕ್ಕೆ ಬರಬಾರದು.

ಪಾತ್ರೆಯ ವಿಷಯ ಬೇಗ ಮುಗಿಸುತ್ತೇನೆ. ಸ್ಟೀಲ್, ಅಲ್ಯೂಮಿನಿಯಂ, ಬಂಗಾರದ ಗೆರೆಯ ಪಿಂಗಾಣಿ, ಮೆಲಮೈನ್ ತಟ್ಟೆ ಬೇಡ. ಬಿಸಿ ತಡೆಯುವ ಬೋರೊಸಿಲಿಕೇಟ್ ಗಾಜು, ಸಾದಾ ಪಿಂಗಾಣಿ ಸೈ. ಅನುಮಾನವಿದ್ದರೆ ಖಾಲಿ ಪಾತ್ರೆಯ ಪಕ್ಕ ಒಂದು ಲೋಟ ನೀರಿಟ್ಟು ಒಂದು ನಿಮಿಷ ಓಡಿಸಿ. ನೀರು ಬಿಸಿಯಾಗಿ ಪಾತ್ರೆ ತಣ್ಣಗಿದ್ದರೆ ಬಳಸಬಹುದು. (ಲೋಹಕ್ಕೆ ಈ ಪರೀಕ್ಷೆ ಮಾಡಬೇಡಿ.) ಹೋಟೆಲಿನ ಪಾರ್ಸೆಲ್ ಬಂದರೆ ಗಾಜಿನ ಬಟ್ಟಲಿಗೆ ಸುರಿದುಕೊಳ್ಳಿ. ಆ ತೆಳು ಪ್ಲಾಸ್ಟಿಕ್ ಡಬ್ಬಿ ಸೊರಗಿಹೋಗುತ್ತದೆ, ಬೆಳ್ಳಿ ಬಣ್ಣದ ಪೊಟ್ಟಣವೂ ಅದಕ್ಕೆ ಹೊಡೆದ ಪಿನ್ನೂ ಕಿಡಿ ಎಬ್ಬಿಸುತ್ತವೆ.

ತರಂಗ ಆಹಾರದೊಳಗೆ ಹೋಗುವುದು ಎರಡು ಮೂರು ಸೆಂಟಿಮೀಟರ್ ಮಾತ್ರ. ಒಳಗಿನಿಂದ ಬೇಯುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಆದ್ದರಿಂದ ಸಾರು, ಹುಳಿ ಬಿಸಿ ಮಾಡುವಾಗ ನಡುವೆ ಒಮ್ಮೆ ನಿಲ್ಲಿಸಿ ಕಲಕಬೇಕು. ಅನ್ನಕ್ಕೆ ನೀರು ಚಿಮುಕಿಸಿ, ನಡುವೆ ಗುಂಡಿ ಮಾಡಿ ಸುತ್ತ ಹರಡಿಡಬೇಕು. ಶಿಶುವಿನ ಹಾಲನ್ನು ಇದರಲ್ಲಿ ಕಾಸುವುದೇ ಬೇಡ, ಬಾಟಲಿಯ ಹೊರಗೆ ಉಗುರು ಬೆಚ್ಚಗಿದ್ದು ಒಳಗೆ ಬಾಯಿ ಸುಡುವಷ್ಟಿರುತ್ತದೆ. ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ನಮ್ಮ ಕಡೆಯ ಸೆಖೆಯಲ್ಲಿ ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಹೊಗೆಯಾಡುವಷ್ಟು ಬಿಸಿ ಮಾಡಿದರೂ ಅದರಲ್ಲಿ ಆಗಲೇ ಹುಟ್ಟಿದ ವಿಷ ಹೋಗುವುದಿಲ್ಲ. ಉಳಿದದ್ದನ್ನು ಎರಡು ತಾಸಿನೊಳಗೆ ಫ್ರಿಜ್ಜಿಗೆ ಸೇರಿಸಿ.

ಹಲಸಿನ ಹಪ್ಪಳ ಸುಡಲು ಮಾತ್ರ ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಒಂದೊಂದೇ ಇಟ್ಟು 40 ಸೆಕೆಂಡು, ಎಣ್ಣೆ ಬೇಡ. ಎದುರಿಗೇ ನಿಂತಿರಿ. ಒಣಗಿದ ಪದಾರ್ಥದಲ್ಲಿ ನೀರು ಮುಗಿದ ಮೇಲೆ ಸುಡುವುದಕ್ಕೆ ಹತ್ತು ಸೆಕೆಂಡು ಹೆಚ್ಚಾದರೂ ಸಾಕು. ಹೊಗೆಯೋ ಬೆಂಕಿಯೋ ಕಂಡರೆ ಬಾಗಿಲು ತೆಗೆಯಬೇಡಿ, ಗೋಡೆಯ ಸ್ವಿಚ್ ಆರಿಸಿ. ಗಾಳಿ ಸಿಗದೆ ತಾನೇ ಆರುತ್ತದೆ. ಮಳೆಗಾಲದಲ್ಲಿ ಒಣಗದ ಸಾಕ್ಸ್, ಬಟ್ಟೆಯನ್ನು ಇದರಲ್ಲಿಟ್ಟು ಒಣಗಿಸುವ ಯೋಚನೆ ಮಾಡಬೇಡಿ. ಕರಿಯುವ ಎಣ್ಣೆ ಕಾಸಬೇಡಿ. ಒಳಗೆ ಏನೂ ಇಡದೆ ಖಾಲಿ ಓಡಿಸಬೇಡಿ, ಹೀರುವವರಿಲ್ಲದ ತರಂಗ ಮ್ಯಾಗ್ನೆಟ್ರಾನಿಗೇ ತಿರುಗಿ ಬಡಿಯುತ್ತದೆ.

ಈಗ ಉಪ್ಪುಗಾಳಿಯ ಮಾತು. ನನ್ನ ಮೊದಲ ಮೆಷಿನ್ ಸಮುದ್ರದ ಕಡೆಯ ಕಿಟಕಿಯ ಕೆಳಗಿತ್ತು. ಜೂನಿನಿಂದ ಸೆಪ್ಟೆಂಬರ್ ತನಕ ಇರಚಲು ಬಡಿಯುವ ಜಾಗ. ದಿನಾ ರಾತ್ರಿ ಒದ್ದೆ ಬಟ್ಟೆಯಿಂದ ಒಳಗೆ ಒರೆಸಿ ಬಾಗಿಲು ಮುಚ್ಚಿ ಮಲಗುತ್ತಿದ್ದೆ, ಶುಚಿಯಾಗಿ ಇಟ್ಟಿದ್ದೇನೆ ಎಂಬ ಸಮಾಧಾನದಲ್ಲಿ. ತೇವ ಒಳಗೇ ಉಳಿಯುತ್ತಿತ್ತು. ತಟ್ಟೆಯ ಕೆಳಗೆ, ಚಕ್ರದ ಉಂಗುರ ಉಜ್ಜುವ ಜಾಗದಲ್ಲಿ ಬಣ್ಣ ಗುಳ್ಳೆಯೆದ್ದು, ಕಂದು ಚುಕ್ಕೆಯಾಗಿ, ನಾಲ್ಕನೇ ವರ್ಷ ಕಡ್ಡಿ ತೂರುವಷ್ಟು ತೂತಾಯಿತು. ತುಕ್ಕಿನ ಅಂಚಿನಿಂದ ಕಿಡಿ ಹಾರತೊಡಗಿತು. ತೂತು ಬಿದ್ದ ಮೆಷಿನ್ ಬಳಸಬಾರದು, ಗುಜರಿಗೆ ಕೊಟ್ಟೆ.

ಹೊಸದನ್ನು ಒಳಗೋಡೆಗೆ ಇಟ್ಟಿದ್ದೇನೆ, ಹಿಂದೆ ಮತ್ತು ಬದಿಯಲ್ಲಿ ಒಂದು ಗೇಣು ಜಾಗ, ಮೇಲೆ ಅದಕ್ಕಿಂತ ಹೆಚ್ಚು. ಬಿಸಿಗಾಳಿ ಹೊರಹೋಗುವ ಕಿಂಡಿ ಮುಚ್ಚುವಂಥ ಹೊದಿಕೆ ಓಡುವಾಗ ಇರಬಾರದು. ಬಳಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒಳಗಿನ ಬೆವರು ಒರೆಸಿ, ಪ್ಲಗ್ ಕಿತ್ತು, ಬಾಗಿಲು ಅರ್ಧ ತಾಸು ತೆರೆದಿಡುತ್ತೇನೆ. ಆಮೇಲೆ ಮುಚ್ಚಲೇಬೇಕು, ಇಲ್ಲದಿದ್ದರೆ ಇರುವೆ, ಜಿರಲೆ, ಹಲ್ಲಿ. ವಾರಕ್ಕೊಮ್ಮೆ ಬಟ್ಟಲು ನೀರಿಗೆ ಅರ್ಧ ಲಿಂಬೆ ಹಿಂಡಿ, ಮರದ ಚಮಚ ಹಾಕಿ ಮೂರು ನಿಮಿಷ ಕುದಿಸಿ, ಐದು ನಿಮಿಷ ಹಾಗೇ ಬಿಟ್ಟರೆ ಒಣಗಿದ ಸಾರಿನ ಕಲೆ ಮೆತ್ತಗಾಗಿ ಬರುತ್ತದೆ. ಪಕ್ಕದ ಮನೆಯವರು ಬಂಗಡೆ ಸಾರಿನ ವಾಸನೆಗೂ ಇದನ್ನೇ ಮಾಡುತ್ತಾರೆ. ಸ್ಟೀಲ್ ನಾರಿನಿಂದ ಉಜ್ಜಬೇಡಿ, ಬಣ್ಣ ಗೀರಿದ ಕಡೆಯೇ ತುಕ್ಕು ಹುಟ್ಟುತ್ತದೆ. ಬಿಸಿ ಗಾಜಿನ ತಟ್ಟೆಗೆ ತಣ್ಣೀರು ಹಾಕಬೇಡಿ.

ಒಳಗೆ ಬಲಬದಿಯ ಗೋಡೆಯಲ್ಲಿ ಸಾಮಾನ್ಯವಾಗಿ ಒಂದು ರಟ್ಟಿನಂಥ ಹಾಳೆ ಇರುತ್ತದೆ. ಅದು ಅಭ್ರಕ, ಕಾಗೆಬಂಗಾರ ಅನ್ನುತ್ತೇವಲ್ಲ, ಅದೇ. ತರಂಗ ಬರುವ ಬಾಯಿಗೆ ಮುಚ್ಚಿದ ಪರದೆ. ತುಪ್ಪ, ಒಗ್ಗರಣೆ ಎಣ್ಣೆ ಸಿಡಿದು ಅದರ ಮೇಲೆ ಕೂತರೆ ಅಲ್ಲೇ ಸುಟ್ಟು ಕರಿಯಾಗಿ ಚಟಚಟ ಕಿಡಿ ಬರುತ್ತದೆ. ಮೆಷಿನ್ನೇ ಹೋಯಿತೆಂದು ಗಾಬರಿಯಾಗಬೇಡಿ, ಹಾಳೆ ಬದಲಿಸಿದರೆ ಸಾಕು. ನನಗೆ ಇನ್ನೂರು ರೂಪಾಯಿಯೊಳಗೆ ಮುಗಿಯಿತು. ಬದಲಿಸುವ ತನಕ ಓಡಿಸಬೇಡಿ, ಹಾಳೆಯನ್ನು ಕಿತ್ತೆಸೆದೂ ಓಡಿಸಬೇಡಿ.

ಕರೆಂಟಿಗೆ ಬಂದರೆ, 800 ವ್ಯಾಟ್ ಬಿಸಿ ಕೊಡುವ ಮೆಷಿನ್ ಗೋಡೆಯಿಂದ ಎಳೆಯುವುದು 1200 ವ್ಯಾಟಿಗೂ ಹೆಚ್ಚು. 16 ಆಂಪಿಯರಿನ ದಪ್ಪ ಮೂರು ಪಿನ್ನಿನ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್, ಮನೆಯ ಸಣ್ಣ ಇನ್ವರ್ಟರ್ ತಡೆಯುವುದಿಲ್ಲ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ನಮ್ಮ ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗುತ್ತದೆ, ಏಪ್ರಿಲ್-ಮೇ ತಿಂಗಳಲ್ಲಿ ಅರ್ಥಿಂಗ್ ಗುಂಡಿಗೆ ಒಂದೆರಡು ಕೊಡ ನೀರು ಹಾಕುತ್ತಿರಬೇಕು. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಬೇಕು, ಸ್ವಿಚ್ ಆರಿಸಿದರೆ ಸಾಲದು. ಹೋದ ಕರೆಂಟ್ ಬಂದ ಮೇಲೆ ಐದು ನಿಮಿಷ ಕಾಯಿರಿ.

ಹಿಂದಿನ ತಗಡು ಬಿಚ್ಚುವ ಕೆಲಸ ಮಾತ್ರ ಮನೆಯವರು ಯಾರೂ ಮಾಡಬಾರದು, ಎಷ್ಟೇ ಕೈಚಳಕ ಇದ್ದವರಾದರೂ. ಒಳಗಿನ ಕೆಪಾಸಿಟರಿನಲ್ಲಿ 2000 ವೋಲ್ಟಿನಷ್ಟು ವಿದ್ಯುತ್ ಪ್ಲಗ್ ಕಿತ್ತ ಮೇಲೂ ಕೂತಿರುತ್ತದೆ. ಮಿಕ್ಸಿ, ಫ್ಯಾನ್ ಬಿಚ್ಚಿದ ಧೈರ್ಯ ಇಲ್ಲಿ ಪ್ರಾಣಕ್ಕೆ ಬರುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಕೆಪಾಸಿಟರ್ ಪಾಠದ ದಿನ ಇದನ್ನು ಹೇಳಿಯೇ ಹೇಳುತ್ತೇನೆ.

ಮೆಷಿನ್ ಹಳತಾಗಿ ಬಿಸಿ ಕಡಿಮೆಯಾಯಿತೇ ಎಂದು ನೋಡಲು ಬಿಚ್ಚಬೇಕಿಲ್ಲ. ಗಾಜಿನ ಪಾತ್ರೆಯಲ್ಲಿ ಒಂದು ಲೀಟರ್ ನೀರಿನ ಉಷ್ಣತೆ ಥರ್ಮಾಮೀಟರಿನಲ್ಲಿ ಅಳೆದು ಬರೆದುಕೊಳ್ಳಿ (ಜ್ವರ ನೋಡುವುದಲ್ಲ, 100 ಡಿಗ್ರಿಯ ತನಕ ಅಳೆಯುವುದು). ಪೂರ್ತಿ ಪವರಿನಲ್ಲಿ ಸರಿಯಾಗಿ ಎರಡು ನಿಮಿಷ ಓಡಿಸಿ, ಕಲಕಿ, ಮತ್ತೆ ಅಳೆಯಿರಿ. ಏರಿದ ಡಿಗ್ರಿಯನ್ನು 35ರಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. 23 ಡಿಗ್ರಿ ಏರಿದರೆ 805. ನಮ್ಮದು ಮೊನ್ನೆ ಸಂಜೆ ಏಳಕ್ಕೆ 19 ಡಿಗ್ರಿ ಏರಿತು, ಮರುದಿನ ಮಧ್ಯಾಹ್ನ 22. ಕಡಿಮೆಯಾದದ್ದು ವೋಲ್ಟೇಜ್, ಮೆಷಿನ್ ಅಲ್ಲ. ಸಂಜೆ ಅನ್ನ ಬಿಸಿ ಮಾಡುವಾಗ ಹದಿನೈದು ಸೆಕೆಂಡು ಹೆಚ್ಚು ಕೊಡಿ ಎಂದು ಅತ್ತೆಗೆ ಹೇಳಿ, ಗೋಡೆಗೆ ಅಂಟಿಸಿದ ಚೀಟಿಯಲ್ಲೂ ಬರೆದಿಟ್ಟಿದ್ದೇನೆ.