ಇನ್ನೆಷ್ಟು ಕಂತು? ಸಾಲ ತೀರುವ ತನಕ ಅವಸರವನ್ನು ನಿಭಾಯಿಸುವುದು ಹೇಗೆ

ತಿಂಗಳ 5ನೇ ತಾರೀಕು. ಹಾಸನದ ಬಸ್ ನಿಲ್ದಾಣದಲ್ಲಿ ಬೇಲೂರು ಬಸ್ಸಿಗೆ ಕಾಯುತ್ತಿದ್ದೆ. ಮೊಬೈಲ್‌ಗೆ ಮೆಸೇಜ್ ಬಂತು, 4,654 ರೂಪಾಯಿ ಕಡಿತ. ತಂಗಿಯ ಮದುವೆಗೆ ತೆಗೆದುಕೊಂಡಿದ್ದ 2 ಲಕ್ಷದ ಪರ್ಸನಲ್ ಲೋನ್‌ನ 12ನೇ ಕಂತು. ಶೇ 14 ಬಡ್ಡಿ, 5 ವರ್ಷದ ಅವಧಿ. ಒಂದು ಕಂತೂ ತಪ್ಪಿಸಿಲ್ಲ, ಎಷ್ಟು ಇಳಿದಿದೆ ನೋಡೋಣ ಅಂತ ಆ್ಯಪ್ ತೆರೆದೆ. ವರ್ಷದಲ್ಲಿ ಕಟ್ಟಿದ್ದು ಹತ್ತಿರ ಹತ್ತಿರ 56,000. ಬಾಕಿ ತೋರಿಸುತ್ತಿದ್ದದ್ದು ಸುಮಾರು 1,70,300.

ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನವೇ ಆಪತ್ತಿಗೆಂದು ಇಟ್ಟಿದ್ದ 35,000 ಅಷ್ಟನ್ನೂ ತೆಗೆದು ಸಾಲಕ್ಕೆ ಕಟ್ಟಿಬಿಟ್ಟೆ. ಎದೆ ಹಗುರಾಯಿತು. ಎರಡೇ ತಿಂಗಳಿಗೆ ಅಪ್ಪ ಆಸ್ಪತ್ರೆ ಸೇರಿದರು. ಕೈಯಲ್ಲಿ ಕಾಸಿಲ್ಲ. ಪರಿಚಯದವರೊಬ್ಬರಿಂದ ನೂರಕ್ಕೆ 3 ರೂಪಾಯಿ ಬಡ್ಡಿಗೆ ಅಷ್ಟೇ 35,000 ತಂದೆ. ಈ ಹಣಕ್ಕೆ ಬ್ಯಾಂಕಿನಲ್ಲಿ ತಿಂಗಳಿಗೆ ಬೀಳುತ್ತಿದ್ದ ಬಡ್ಡಿ 408 ರೂಪಾಯಿ. ಕೈಸಾಲಕ್ಕೆ ನಾನು ಕೊಟ್ಟದ್ದು ತಿಂಗಳಿಗೆ 1,050. ಅಸಲು ಒಟ್ಟುಮಾಡಿ ವಾಪಸ್ ಕೊಡಲು 14 ತಿಂಗಳು ಹಿಡಿಯಿತು. ಬಡ್ಡಿಯೇ 14,700 ಆಯಿತು.

ಆ 14,700 ನಾನು ಅವಸರಕ್ಕೆ ಕಟ್ಟಿದ ಬಡ್ಡಿ. ಖರ್ಚು ಕಡಿಮೆ ಮಾಡಿ, ಜಾಸ್ತಿ ದುಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ಸಾಲ ತೀರುವ ಮಧ್ಯದಲ್ಲಿ ಹುಟ್ಟುವ ಈ ಚಡಪಡಿಕೆಯನ್ನು ಏನು ಮಾಡಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಕಲಿತಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ಎಲ್ಲ ಸಾಲವೂ ಒಂದೇ ಹಾಳೆಗೆ ಬರಲಿ

ಬ್ಯಾಂಕಿನದು, ಸಂಘದ್ದು, ಚಿನ್ನ ಅಡ ಇಟ್ಟದ್ದು, ಕ್ರೆಡಿಟ್ ಕಾರ್ಡ್, ಅಂಗಡಿ ಬಾಕಿ, ಭಾವನ ಹತ್ತಿರ ಇಸ್ಕೊಂಡದ್ದು, ಎಲ್ಲವನ್ನೂ ಬರೆಯಿರಿ. ಪ್ರತಿಯೊಂದರ ಮುಂದೆ ವರ್ಷದ ಬಡ್ಡಿ ಹಾಕಿ. ನಮ್ಮ ಕಡೆ ಕೈಸಾಲದ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುವುದು ರೂಢಿ. ನೂರಕ್ಕೆ 2 ರೂಪಾಯಿ ಅಂದರೆ ವರ್ಷಕ್ಕೆ ಶೇ 24. 3 ರೂಪಾಯಿ ಅಂದರೆ ಶೇ 36. ಕೇಳಲು ಸಣ್ಣದು, ಬರೆದಾಗ ಗೊತ್ತಾಗುತ್ತದೆ. ಕ್ರೆಡಿಟ್ ಕಾರ್ಡ್‌ನಲ್ಲಿ ‘ಮಿನಿಮಮ್’ ಮೊತ್ತ ಮಾತ್ರ ಕಟ್ಟಿ ಉಳಿದದ್ದನ್ನು ಮುಂದೂಡಿದರೆ ಅದೂ ಇದೇ ಸಾಲಿಗೆ ಸೇರುತ್ತದೆ.

ಬಡ್ಡಿ ಇಲ್ಲದ ನೆಂಟರ ಸಾಲವನ್ನು ಬಿಟ್ಟುಬಿಡಬೇಡಿ. ಮದುವೆ ಮನೆಯಲ್ಲಿ ಅವರ ಮುಖ ತಪ್ಪಿಸಿಕೊಂಡು ಓಡಾಡುವಂತೆ ಮಾಡುವುದು ಅದೇ ಅಲ್ವಾ? ಫೋನ್ ಮಾಡಿ, “ಭಾವ, ಈ ಸಲ ದೀಪಾವಳಿಗೆ 5,000 ಕೊಡ್ತೀನಿ, ಉಳಿದದ್ದು ಯುಗಾದಿ ಕಳೆದ ಮೇಲೆ” ಅಂತ ಒಂದು ತಾರೀಕು ಹೇಳಿ. ಹೇಳಿದ ದಿನ ಕೊಡಿ. ಅರ್ಧ ಚಡಪಡಿಕೆ ಅಲ್ಲೇ ಇಳಿಯುತ್ತದೆ.

ಹಂತ 2: ಕಂತಿನ ಪಟ್ಟಿ ಕೇಳಿ ಪಡೆಯಿರಿ

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಆ ದಿನ ಬಸ್ ನಿಲ್ದಾಣದಲ್ಲಿ ನನ್ನ ಕೈಯಲ್ಲಿ ಈ ಪಟ್ಟಿ ಇದ್ದಿದ್ದರೆ ಮುಂದಿನ ತಪ್ಪು ಆಗುತ್ತಲೇ ಇರಲಿಲ್ಲ.

ಪ್ರತಿ ತಿಂಗಳು ಕಟ್ಟುವ ಕಂತು ಒಂದೇ ಆದರೂ ಅದರೊಳಗಿನ ಪಾಲು ಬದಲಾಗುತ್ತಾ ಹೋಗುತ್ತದೆ. ಮೊದಲ ತಿಂಗಳು ಪೂರ್ತಿ 2 ಲಕ್ಷಕ್ಕೆ ಬಡ್ಡಿ ಬೀಳುತ್ತದೆ. ಹಾಗಾಗಿ ನನ್ನ 4,654ರಲ್ಲಿ 2,333 ಬಡ್ಡಿಗೇ ಹೋಯಿತು, ಅಸಲಿಗೆ ಹೋದದ್ದು 2,321. ಎರಡನೇ ತಿಂಗಳು ಅಸಲು ಸ್ವಲ್ಪ ಇಳಿದಿರುತ್ತದೆ, ಬಡ್ಡಿಯೂ ಸ್ವಲ್ಪ ಇಳಿಯುತ್ತದೆ, ಉಳಿದದ್ದು ಅಸಲಿಗೆ ಸೇರುತ್ತದೆ. ಹೀಗೆ ನಿಧಾನವಾಗಿ ತಿರುಗುತ್ತದೆ. ನನ್ನ ಸಾಲದಲ್ಲಿ ಮೊದಲ ವರ್ಷ ಇಳಿಯುವ ಅಸಲು ಸುಮಾರು 29,700. ಮೂರನೇ ವರ್ಷ 39,200. ಐದನೇ ವರ್ಷ 51,800. ನಾನು ಆ 35,000 ಕಟ್ಟುವ ಮುಂಚಿನ ಪಟ್ಟಿ ಇದು, ಅದರಲ್ಲಿ ಕಂತು ಮಾತ್ರ ಐದೂ ವರ್ಷ ಅದೇ 4,654.

ಇನ್ನೊಂದು ವಿಷಯ. 60 ಕಂತಿನ ಸಾಲ ಅಂದರೆ 30ನೇ ಕಂತಿಗೆ ಅರ್ಧ ತೀರಿರಬೇಕು ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಅಸಲು 1 ಲಕ್ಷಕ್ಕಿಂತ ಕೆಳಗೆ ಇಳಿಯುವುದು 36ನೇ ಕಂತಿಗೆ. ಇದು ಮೊದಲೇ ಗೊತ್ತಿದ್ದರೆ ಆ ಆರು ತಿಂಗಳು ಮೋಸ ಹೋದ ಹಾಗೆ ಅನಿಸುವುದಿಲ್ಲ.

2024ರ ಅಕ್ಟೋಬರ್ 1ರಿಂದ ಕೊಡುವ ಹೊಸ ಸಾಲಗಳಿಗೆ ಬ್ಯಾಂಕುಗಳು ಮತ್ತು ಹಣಕಾಸು ಕಂಪನಿಗಳು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಪತ್ರ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಶುಲ್ಕವೆಲ್ಲ ಸೇರಿದ ವರ್ಷದ ದರ ಮತ್ತು ಕಂತಿನ ಪಟ್ಟಿ ಅದರಲ್ಲಿರುತ್ತದೆ. ಸಾಲ ಪಡೆದವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಸಾಲ ಅದಕ್ಕಿಂತ ಹಳೆಯದಾದರೆ ಶಾಖೆಯಲ್ಲಿ ಕಂತಿನ ಪಟ್ಟಿ ಕೇಳಿ. ತಂದು ಪ್ರಿಂಟ್ ಹಾಕಿಸಿ, ಬೀರುವಿನ ಬಾಗಿಲ ಒಳಗೆ ಅಂಟಿಸಿ. ತಿಂಗಳಿಗೊಮ್ಮೆ ಒಂದು ಸಾಲು ಹೊಡೆದು ಹಾಕಿ. ಆ್ಯಪ್‌ನಲ್ಲಿ ದಿನಾ ಬಾಕಿ ನೋಡುವುದನ್ನು ಬಿಡಿ. ತಿಂಗಳ ಮಧ್ಯದಲ್ಲಿ ನೋಡಿದರೆ ಅಲ್ಲಿ ಹೊಸದೇನೂ ಇರುವುದಿಲ್ಲ, ಸುಮ್ನೆ ಹೊಟ್ಟೆ ಉರಿಯುತ್ತದೆ.

ಮೂಡಿಗೆರೆ ಕಡೆ ಚಿಕ್ಕಪ್ಪನದು ನಾಲ್ಕು ಎಕರೆ ಕಾಫಿ ತೋಟ. ನನ್ನ ಗೋಳು ಕೇಳಿ ಅವರು ಹೇಳಿದರು, “ಏಪ್ರಿಲ್‌ನಲ್ಲಿ ಹೂವಾದ ಅರೇಬಿಕಾ ಕುಯ್ಲಿಗೆ ಬರೋದು ನವೆಂಬರ್ ಮೇಲೆ ಕಣೋ. ಅಲ್ಲೀವರೆಗೂ ನಾವೇನು ಕೈಕಟ್ಟಿ ಕೂತಿರ್ತೀವಾ? ಗೊಬ್ಬರ ಹಾಕ್ತೀವಿ, ಚಿಗುರು ತೆಗಿತೀವಿ, ಮರಗಸಿ ಮಾಡಿಸ್ತೀವಿ. ಕೆಲಸ ಇದ್ರೆ ಕಾಯೋದು ಗೊತ್ತಾಗಲ್ಲ.” ಮುಂದಿನ ಹಂತಗಳನ್ನು ನಾನು ಹೀಗೇ ನೋಡುತ್ತೇನೆ. ಕಾಯುವ ತಿಂಗಳುಗಳಿಗೆ ಒಂದೊಂದು ಕೆಲಸ.

ಹಂತ 3: ಆಪತ್ತಿನ ಹಣ ಮೊದಲು

ಹೆಚ್ಚುವರಿ ಒಂದು ರೂಪಾಯಿ ಸಾಲಕ್ಕೆ ಕಟ್ಟುವ ಮೊದಲು ಒಂದೆರಡು ತಿಂಗಳ ಮನೆ ಖರ್ಚಿನಷ್ಟು ಹಣ ಬೇರೆ ಖಾತೆಯಲ್ಲಿರಲಿ. ಶೇ 14ರ ಸಾಲ ಇಟ್ಟುಕೊಂಡು ಶೇ 3 ಬಡ್ಡಿ ಕೊಡುವ ಖಾತೆಯಲ್ಲಿ ಹಣ ಇಡುವುದು ದಡ್ಡತನ ಅಂತ ನಾನೂ ಅಂದುಕೊಂಡಿದ್ದೆ. ಆ ಖಾತೆ ನಿಮ್ಮನ್ನು ಶೇ 36ರ ಕೈಸಾಲದಿಂದ ಕಾಪಾಡುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇನ್ನೂ ಸ್ವಲ್ಪ ಜಾಸ್ತಿಯೇ ಇರಲಿ.

ತಿಂಗಳ ಸಂಬಳ ಇಲ್ಲದವರಿಗೆ ಇದು ಮತ್ತೂ ಮುಖ್ಯ. ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಮಳೆಗಾಲದ ಬೆಳೆ ಕಿತ್ತ ಮೇಲೆ ದುಡ್ಡು. ಮಲೆನಾಡಿನವರಿಗೆ ಕಾಫಿ, ಮೆಣಸು ಮಾರಿದಾಗ. ಬ್ಯಾಂಕಿನ ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಬೆಳೆ ಮಾರಿದ ದಿನ ಎಲ್ಲವನ್ನೂ ಸಾಲಕ್ಕೆ ಸುರಿಯಬೇಡಿ. ಕೈ ಖಾಲಿ ಇರುವ ಆರು ತಿಂಗಳ ಕಂತನ್ನು ಮೊದಲು ತೆಗೆದಿಡಿ, ಮಿಕ್ಕದ್ದು ಆಮೇಲೆ.

ಹಂತ 4: ಯಾವುದು ಮೊದಲು?

ಲೆಕ್ಕದ ಪ್ರಕಾರ ಜಾಸ್ತಿ ಬಡ್ಡಿಯ ಸಾಲವೇ ಮೊದಲು ತೀರಬೇಕು. ಇದರಲ್ಲಿ ವಾದವಿಲ್ಲ. ಆದರೂ ನನ್ನ ಅನುಭವದ ಮಾತು ಹೇಳುತ್ತೇನೆ. ನೀವು ತಾಳ್ಮೆ ಕಮ್ಮಿ ಇರುವವರಾದರೆ, ಎರಡು ಮೂರು ತಿಂಗಳಲ್ಲಿ ಮುಗಿಯುವ ಒಂದು ಪುಟ್ಟ ಸಾಲ ಇದ್ದರೆ, ಅದನ್ನು ಮೊದಲು ಮುಗಿಸಿ. ನಾನು ದಿನಸಿ ಅಂಗಡಿಯ 6,200 ಬಾಕಿ ಮುಗಿಸಿದೆ. ಹಾಳೆಯಲ್ಲಿ ಒಂದು ಹೆಸರು ಪೂರ್ತಿ ಹೊಡೆದು ಹಾಕಿದ ದಿನ ಬಂದ ಧೈರ್ಯ ಮುಂದಿನ ಒಂದು ವರ್ಷ ನಡೆಸಿತು. ಆಮೇಲೆ ಜಾಸ್ತಿ ಬಡ್ಡಿಯದಕ್ಕೆ ಕೈ ಹಾಕಿದೆ.

ಹಂತ 5: ಮುಂಗಡ ಕಟ್ಟುವಾಗ ಎರಡು ಪ್ರಶ್ನೆ

ಬೋನಸ್ ಬಂತು, ಮೆಣಸಿಗೆ ಒಳ್ಳೆ ರೇಟ್ ಸಿಕ್ಕಿತು, ಆಪತ್ತಿನ ಹಣವೂ ಇದೆ. ಆಗ ಕಟ್ಟಿ, ಖಂಡಿತ ಕಟ್ಟಿ. ಕಟ್ಟುವ ಮೊದಲು ಎರಡು ವಿಷಯ ಕೇಳಿ.

ಒಂದು, ಮುಂಗಡ ಕಟ್ಟಲು ಶುಲ್ಕ ಇದೆಯಾ? ಪರ್ಸನಲ್ ಲೋನ್ ಸಾಮಾನ್ಯವಾಗಿ ಸ್ಥಿರ ಬಡ್ಡಿಯದು. ಅಂಥದ್ದಕ್ಕೆ ಶುಲ್ಕ ಹಾಕುವ ಕಡೆಗಳಿವೆ. ಕೆಲವು ಕಡೆ ಇಷ್ಟು ಕಂತು ಕಳೆದ ಮೇಲೆ ಮಾತ್ರ ಅಂತಲೂ ಇರುತ್ತದೆ.

ಎರಡನೆಯದನ್ನು ನಾನು ಕೇಳಲಿಲ್ಲ. ಕಂತು ಕಡಿಮೆ ಮಾಡುತ್ತೀರಾ, ಅವಧಿ ಕಡಿಮೆ ಮಾಡುತ್ತೀರಾ? ನಾನು 35,000 ಕಟ್ಟಿದಾಗ ಅವಧಿ ಹಾಗೇ ಬಿಟ್ಟು ಕಂತನ್ನು 3,697ಕ್ಕೆ ಇಳಿಸಿದರು. ಖುಷಿಯಾಗಿಯೇ ಮನೆಗೆ ಬಂದೆ. ಆಮೇಲೆ ಕೂತು ಲೆಕ್ಕ ಹಾಕಿದರೆ, ಇದರಿಂದ ಕೊನೆಯವರೆಗೆ ಉಳಿಯುವ ಬಡ್ಡಿ 11,000ದ ಹತ್ತಿರ. ಕಂತು 4,654 ಹಾಗೇ ಇಟ್ಟು ಅವಧಿ ಇಳಿಸಿದ್ದರೆ ಉಳಿಯುತ್ತಿದ್ದದ್ದು 22,000. ಸಾಲವೂ 12 ತಿಂಗಳು ಮುಂಚೆ ತೀರುತ್ತಿತ್ತು. ಈಗಿನ ಕಂತೇ ಭಾರವಾಗಿದ್ದರೆ ಅದನ್ನು ಇಳಿಸಿಕೊಳ್ಳುವುದು ಸರಿ. ಹಾಗಿಲ್ಲದಿದ್ದರೆ ಅವಧಿ ಕಡಿಮೆ ಮಾಡಿ ಅಂತ ಅರ್ಜಿಯಲ್ಲೇ ಬರೆದುಕೊಡಿ. ಹೊಸ ಕಂತಿನ ಪಟ್ಟಿ ಕೈಗೆ ಬರುವ ತನಕ ಬಿಡಬೇಡಿ.

ಹಂತ 6: ಅವಸರ ಹತ್ತಿದ ದಿನ

ಅದು ಬಂದೇ ಬರುತ್ತದೆ. ನನಗೆ ಬರುತ್ತಿದ್ದದ್ದು ಕಂತು ಕಟ್ಟಿದ ಸಂಜೆ, ಇಲ್ಲವೇ ಯಾರದೋ ಗೃಹಪ್ರವೇಶಕ್ಕೆ ಹೋಗಿ ಬಂದ ರಾತ್ರಿ. ಆಗ ತಲೆಗೆ ಬರುವ ಉಪಾಯಗಳು ಹೆಚ್ಚುಕಮ್ಮಿ ಇವೇ: ಟಾಪ್‌ಅಪ್, ಅಂದರೆ ಇರುವ ಸಾಲದ ಮೇಲೇ ಇನ್ನಷ್ಟು ಸಾಲ, ತೆಗೆದುಕೊಂಡು ಎಲ್ಲ ಒಂದೇ ಸಲ ಮುಗಿಸೋಣ. ಆ್ಯಪ್‌ನಲ್ಲಿ ಐದು ನಿಮಿಷಕ್ಕೆ ಸಾಲ ಸಿಗುತ್ತದಂತೆ. ಚೀಟಿಯನ್ನು ಈ ತಿಂಗಳೇ ಎಷ್ಟು ಬಿಟ್ಟಾದರೂ ಎತ್ತಿಬಿಡೋಣ. ಗೆಳೆಯನೊಬ್ಬ ಷೇರಿನಲ್ಲಿ ದುಡ್ಡು ಮಾಡಿದ್ದಾನೆ, ನಾನೂ ಒಂದು ಕೈ ನೋಡೋಣ.

ನನ್ನ ನಿಯಮ ಒಂದೇ. ಆ ರಾತ್ರಿ ಯಾವುದಕ್ಕೂ ಸಹಿ ಇಲ್ಲ, ಒಟಿಪಿ ಇಲ್ಲ. ಬಂದ ಯೋಚನೆಯನ್ನು ತಾರೀಕು ಹಾಕಿ ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಪಕ್ಕದಲ್ಲಿ ಮೂರು ಅಂಕಿ: ಕೈಗೆ ಬರುವುದೆಷ್ಟು, ಒಟ್ಟು ವಾಪಸ್ ಕಟ್ಟುವುದೆಷ್ಟು, ಎಷ್ಟು ತಿಂಗಳು. ಮೂರು ದಿನ ಬಿಟ್ಟು ತೆರೆದು ನೋಡುತ್ತೇನೆ. ನಿಜಕ್ಕೂ ಬಡ್ಡಿ ಕಮ್ಮಿಯಾಗುವ ದಾರಿಯಾದರೆ ಮೂರು ದಿನದ ಮೇಲೂ ಅದು ಇರುತ್ತದೆ. ಒಂದು ಸಲ ಹಾಗೇ ಆಯಿತು. ಕೈಸಾಲದ ಕೊನೆಯ ಭಾಗ ಒಟ್ಟುಮಾಡಲು ಹೆಂಡತಿಯ ಬಳೆ ಅಡ ಇಟ್ಟೆವು. ಶೇ 36 ಕಟ್ಟುವ ಕಡೆ ಅದಕ್ಕಿಂತ ಬಹಳ ಕಮ್ಮಿ ಬಡ್ಡಿಗೆ ಬಂದೆವು, ನಾಲ್ಕು ತಿಂಗಳಲ್ಲಿ ಬಳೆಯೂ ಮನೆಗೆ ಬಂತು. ಅವಳೇ ಕೂತು ಲೆಕ್ಕ ಹಾಕಿ ಮಾಡಿದ ತೀರ್ಮಾನ ಅದು.

ಸಾಲವನ್ನು ಮನೆಯವರಿಂದ ಮುಚ್ಚಿಡಬೇಡಿ ಅಂತ ಇದಕ್ಕೇ ಹೇಳುತ್ತಿದ್ದೇನೆ. ಮೊದಲ ವರ್ಷ ನಾನು ಮುಚ್ಚಿಟ್ಟಿದ್ದೆ. “ರೀ, ಒಬ್ಬರೇ ಯಾಕೆ ಒದ್ದಾಡ್ತೀರ” ಅಂತ ಅವಳು ಕೇಳಿದ ದಿನದಿಂದ 5ನೇ ತಾರೀಕು ಪಟ್ಟಿಯ ಸಾಲು ಹೊಡೆಯುವ ಕೆಲಸ ಅವಳದ್ದು.

ಹಂತ 7: ಬದುಕನ್ನು ಪೂರ್ತಿ ಬಿಗಿಯಬೇಡಿ

ಎಲ್ಲ ಖರ್ಚನ್ನೂ ನಿಲ್ಲಿಸಿದವರು ಆರೇ ತಿಂಗಳಲ್ಲಿ ಸೋತು, ಒಂದೇ ದಿನ ಹಬ್ಬದ ನೆಪದಲ್ಲಿ ಕಾರ್ಡ್ ಉಜ್ಜಿ ಬರುವುದನ್ನು ನೋಡಿದ್ದೇನೆ. ಹಾಸನಾಂಬೆಯ ಗುಡಿ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೆ. ಆಗ ನಮ್ಮ ಮನೆ ತುಂಬ ನೆಂಟರು. ಅವರನ್ನು ಬರಬೇಡಿ ಅನ್ನಲಾಗುತ್ತದಾ? ತಿಂಗಳಿಗೆ 300 ರೂಪಾಯಿ ಒಂದು ಡಬ್ಬಿಗೆ ಹಾಕುತ್ತೇವೆ. ಆ ವಾರದ ಖರ್ಚು ಅದರಲ್ಲೇ. ತಿಂಗಳಿಗೊಮ್ಮೆ ಮಕ್ಕಳಿಗೆ ಹೋಟೆಲ್‌ನಲ್ಲಿ ಮಸಾಲೆ ದೋಸೆ ಕೂಡ ಲೆಕ್ಕದಲ್ಲಿದೆ.

ಕಂತು ಕಟ್ಟಲಾಗದ ತಿಂಗಳು ಬಂದರೆ

ತಾರೀಕಿಗೆ ಮೊದಲೇ ಶಾಖೆಗೆ ಹೋಗಿ ಮಾತಾಡಿ. ಕಂತು ತಪ್ಪಿದ ಮೇಲೆ ಹೋಗುವುದಕ್ಕಿಂತ ಆಗ ದಾರಿ ಜಾಸ್ತಿ ಇರುತ್ತದೆ. ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ರಿಂದ ಸಂಜೆ 6. ಸಣ್ಣ ಸಾಲಗಾರರಿಗೆ ಕಿರುಕುಳ ಕೊಟ್ಟು ವಸೂಲಿ ಮಾಡುವುದರ ವಿರುದ್ಧ ಕರ್ನಾಟಕದಲ್ಲಿ 2025ರಲ್ಲಿ ಕಾನೂನೇ ಬಂದಿದೆ. ಮನೆ ಮುಂದೆ ಗಲಾಟೆ ಮಾಡಿದರೆ ಪೊಲೀಸರ ಹತ್ತಿರ ಹೋಗಿ. ಹೆದರಿ ಇನ್ನೊಂದು ಕಡೆ ಸಾಲ ಮಾಡಬೇಡಿ.

ಕೊನೆಯ ಕಂತಿನ ದಿನ

ಅಲ್ಲೂ ಅವಸರ ಬೇಡ. ಹಣ ಕಡಿತವಾದ ಮೆಸೇಜ್ ಬಂದರೆ ಕೆಲಸ ಮುಗಿಯಲಿಲ್ಲ. ‘ಬಾಕಿ ಇಲ್ಲ’ ಎಂಬ ಪತ್ರ ಕೇಳಿ ಪಡೆಯಿರಿ. ಖಾತೆಯಿಂದ ತಾನಾಗೇ ಹಣ ಕಡಿತವಾಗುವ ಒಪ್ಪಿಗೆಯನ್ನು ರದ್ದು ಮಾಡಿಸಿ. ಖಾಲಿ ಚೆಕ್ ಕೊಟ್ಟಿದ್ದರೆ ಎಣಿಸಿ ವಾಪಸ್ ತೆಗೆದುಕೊಳ್ಳಿ. ಒಂದೆರಡು ತಿಂಗಳು ಬಿಟ್ಟು, ನಿಮ್ಮ ಸಾಲಗಳ ದಾಖಲೆಯಾದ ಕ್ರೆಡಿಟ್ ವರದಿಯಲ್ಲಿ ಆ ಸಾಲ ‘ಕ್ಲೋಸ್ಡ್’ ಅಂತ ಬಂದಿದೆಯಾ ನೋಡಿ. ಈ ದಾಖಲೆ ಇಡುವ ಸಿಬಿಲ್‌ನಂಥ ಪ್ರತಿ ಸಂಸ್ಥೆಯೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು.

ನಮ್ಮ ಬೀರುವಿನ ಬಾಗಿಲಲ್ಲಿ ಇನ್ನೂ 11 ಸಾಲು ಇವೆ.